ದಡ್ಡರ ಊಟದಿಂದ ಗರಗಸದವರೆಗೆ

ಪುಣೆಯ ಸ್ವಾರಗೇಟ ನಿಲ್ದಾಣದಲ್ಲಿ ಬೆಳಗಾವಿ, ಹುಬ್ಬಳ್ಳಿ ಕಡೆಯ ಬಸ್ ಹತ್ತುವವರಿಗೆ ಪಕ್ಕದ ಸೀಟಿಗೆ ಯಾರು ಬರುತ್ತಾರೆ ಎಂಬುದು ಸಣ್ಣ ವಿಷಯವಲ್ಲ. ಯಾವೂರು ಎಂದು ಶುರುವಾದ ಮಾತು ಸಾತಾರಾ ದಾಟುವಷ್ಟರಲ್ಲಿ ಮಗಳ ಮದುವೆ, ಮೊಣಕಾಲು ನೋವು, ಮೊಮ್ಮಗನ ಮಾರ್ಕ್ಸು ಎಲ್ಲ ಸುತ್ತಿ ಮತ್ತೆ ಮದುವೆಗೇ ಬಂದಿರುತ್ತದೆ. ಕನ್ನಡಿಗರು ಇದನ್ನು ‘ಕೊರೆತ’ ಎನ್ನುತ್ತಾರೆ. ದಿನೇಶ್ ಬಾಬು ನಿರ್ದೇಶನದಲ್ಲಿ ಕೋಮಲ್ ನಟಿಸಿದ 2008ರ ಹಾಸ್ಯಚಿತ್ರಕ್ಕೆ ಹೆಸರು ಸಿಕ್ಕಿದ್ದೂ ಅಲ್ಲಿಂದಲೇ: ‘ಮಿಸ್ಟರ್ ಗರಗಸ’.

ಅದರ ಬೇರು ಇರುವುದು ಪ್ಯಾರಿಸ್‌ನಲ್ಲಿ. ಫ್ರಾನ್ಸಿಸ್ ವೆಬೆರ್ ಬರೆದ ‘ಲ ದಿನೇ ದ ಕೋಂ’, ಅಂದರೆ ‘ದಡ್ಡರ ಊಟ’, 1993ರಲ್ಲಿ ನಾಟಕವಾಗಿ ರಂಗಕ್ಕೆ ಬಂತು. 1998ರಲ್ಲಿ ವೆಬೆರ್ ತಾವೇ ಅದನ್ನು ಸಿನಿಮಾ ಮಾಡಿದರು. ಸಿರಿವಂತ ಗೆಳೆಯರು ಪ್ರತಿ ಬುಧವಾರ ಒಬ್ಬೊಬ್ಬ ದಡ್ಡನನ್ನು ಊಟಕ್ಕೆ ಕರೆದು ಒಳಗೊಳಗೇ ನಗುತ್ತಾರೆ. ಪ್ರಕಾಶಕ ಬ್ರೋಶಾಂಗೆ ಸಿಕ್ಕವನು ಹಣಕಾಸು ಸಚಿವಾಲಯದ ನೌಕರ ಪಿನ್ಯೋಂ. ಬೆಂಕಿಕಡ್ಡಿಗಳಲ್ಲಿ ಐಫೆಲ್ ಗೋಪುರ ಕಟ್ಟುವ ಮನುಷ್ಯ. ಅಷ್ಟರಲ್ಲಿ ಬ್ರೋಶಾಂಗೆ ಸೊಂಟ ಹಿಡಿಯುತ್ತದೆ, ಹೆಂಡತಿ ಮನೆ ಬಿಟ್ಟು ಹೋಗುತ್ತಾಳೆ. ಸಹಾಯಕ್ಕೆ ಉಳಿದವನು ಪಿನ್ಯೋಂ ಒಬ್ಬನೇ.

ಹೆಂಡತಿ ಎಲ್ಲಿದ್ದಾಳೆಂದು ತಿಳಿಯಲು ಪಿನ್ಯೋಂ ಸಿನಿಮಾ ನಿರ್ಮಾಪಕನ ಸೋಗಿನಲ್ಲಿ ಒಬ್ಬ ಲೇಖಕನಿಗೆ ಫೋನ್ ಮಾಡಬೇಕು. ಲೇಖಕನ ಹೆಸರು ಜುಸ್ತ್ ಲಬ್ಲಾಂ. ಫ್ರೆಂಚಿನಲ್ಲಿ ‘ಜುಸ್ತ್’ ಎಂದರೆ ‘ಬರೀ’ ಎಂದೂ ಆಗುತ್ತದೆ. ‘ಬರೀ ಲಬ್ಲಾಂ? ಮೊದಲ ಹೆಸರೇ ಇಲ್ಲವೇ?’ ಎಂಬ ಗೊಂದಲದಲ್ಲೇ ಒಂದಷ್ಟು ಹೊತ್ತು ಕಳೆಯುತ್ತದೆ. ಕೊನೆಗೆ ಫೋನ್ ಹಚ್ಚುತ್ತಾನೆ, ಕಾದಂಬರಿಯ ಹಕ್ಕನ್ನು ಅಗ್ಗಕ್ಕೆ ಕುದುರಿಸುತ್ತಾನೆ, ಕುಣಿಯುತ್ತಾನೆ. ಹೆಂಡತಿಯ ವಿಷಯ ಕೇಳಲು ಮರೆತೇಬಿಡುತ್ತಾನೆ!

ಫ್ರಾನ್ಸ್‌ನಲ್ಲಿ ಈ ಚಿತ್ರಕ್ಕೆ 90 ಲಕ್ಷಕ್ಕೂ ಹೆಚ್ಚು ಟಿಕೆಟ್ ಮಾರಾಟವಾದವು. ಪಿನ್ಯೋಂ ಆಗಿ ನಟಿಸಿದ ಜಾಕ್ ವಿಲ್ಲರೆಗೆ ಅತ್ಯುತ್ತಮ ನಟ ಎಂಬ ಸೆಸಾರ್ ಪ್ರಶಸ್ತಿ ಬಂತು. ರಂಗದ ಮೇಲೂ ಆ ಪಾತ್ರ ಅವರದೇ; ಆ ಮುಗ್ಧ ಮುಖಕ್ಕೆ ಸಂದ ಗೌರವ ಅದು.

2007ರಲ್ಲಿ ಸಾಗರ್ ಬಳ್ಳಾರಿ ಈ ಕಥೆಯನ್ನು ಹಿಂದಿಗೆ ತಂದು ‘ಭೇಜಾ ಫ್ರೈ’ ಮಾಡಿದರು. ಬೆಂಕಿಕಡ್ಡಿಯ ಜಾಗಕ್ಕೆ ಹಾಡಿನ ಹುಚ್ಚು ಬಂತು. ವಿನಯ್ ಪಾಠಕ್ ಮನೆಮಾತಾದರು. ಅಲ್ಲಿಂದ ಕನ್ನಡಕ್ಕೆ ಒಂದೇ ವರ್ಷ.

ಹೆಸರುಗಳಲ್ಲೇ ಎಲ್ಲ ಇದೆ. ಫ್ರೆಂಚ್ ಹೆಸರು ಬೈಯುವುದು ಕರೆಸಿಕೊಂಡವನನ್ನು. ಭೇಜಾ ಫ್ರೈ, ಗರಗಸ ಎರಡೂ ಕೇಳಿಸಿಕೊಳ್ಳುವವನ ಸಂಕಟದ ಮಾತು. ದಡ್ಡರನ್ನು ಕರೆಸಿ ನಗುವ ಔತಣ ನಮ್ಮಲ್ಲಿ ಅಪರಿಚಿತ. ತಲೆ ತಿನ್ನುವ ಪರಿಚಿತರು ಮಾತ್ರ ಬೀದಿಗೊಬ್ಬರು. ಕಥೆ ಇಲ್ಲಿ ನಿಂತದ್ದು ಆ ಪರಿಚಯದ ಬಲದಿಂದ.

ವೆಬೆರ್ ಚಿತ್ರದಲ್ಲಿ ಆ ಊಟ ನಡೆಯುವುದೇ ಇಲ್ಲ. ಎಲೆ ಹಾಕಿ ಬಡಿಸಿದ್ದು 2010ರ ಹಾಲಿವುಡ್ ಚಿತ್ರ ‘ಡಿನ್ನರ್ ಫಾರ್ ಷ್ಮಕ್ಸ್’.