ಎಂಟಕ್ಕೆ ಬನ್ನಿ ಅಂದರು

ಅತ್ತೆಯ ಕಣ್ಣಿನ ಪೊರೆ ತೆಗೆಸಲು ಡೆಂಕಣಿಕೋಟೆಯಿಂದ ಮೊದಲ ಬಸ್ಸಿಗೇ ಹೊಸೂರಿಗೆ ಹೊರಟೆವು. ಎಂಟಕ್ಕೆ ಬರಹೇಳಿದ್ದರು. ಹೋಗಿ ನೋಡಿದರೆ ಬೆಂಚಿನ ತುಂಬ ಎಂಟಕ್ಕೇ ಬಂದವರು. ಅತ್ತೆಯನ್ನು ಒಳಗೆ ಕರೆದಾಗ ಮಧ್ಯಾಹ್ನ ಎರಡು. ಆಪರೇಷನ್ನಿಗೆ ಹಿಡಿದದ್ದು ಕಾಲು ಗಂಟೆಯೂ ಇಲ್ಲ. "ಇಷ್ಟಕ್ಕಾ ಬೆಳಗ್ಗಿಂದ ಕೂರಿಸಿದ್ದು?" ಎಂದಳು.

ಲೆಕ್ಕ ಹಾಕಿ ನೋಡಿ. ಒಂದು ಪೊರೆಗೆ 10 ನಿಮಿಷ ಎನ್ನೋಣ. ಒಬ್ಬರನ್ನು ಇಳಿಸಿ, ಮೇಜು ಒರೆಸಿ, ಹೊಸ ಟ್ರೇ ಬಿಚ್ಚಿ, ಮುಂದಿನವರನ್ನು ಮಲಗಿಸಲು 20 ನಿಮಿಷ. ಆರು ಗಂಟೆಗೆ 12 ಕಣ್ಣಾಯಿತು. ಡಾಕ್ಟರು ಕೈ ಚುರುಕು ಮಾಡಿ 10 ನಿಮಿಷವನ್ನು 8 ಮಾಡಿದರೆ ಹೆಚ್ಚೆಂದರೆ ಒಂದು ಕಣ್ಣು ಜಾಸ್ತಿ. ಕೈಯ ತಂಟೆಗೆ ಹೋಗದೆ ನಡುವಿನ 20 ನಿಮಿಷವನ್ನು ಐದಕ್ಕೆ ಇಳಿಸಿದರೆ 24!

ಇದನ್ನು ಕಂಡುಕೊಂಡ ಹಿರಿಯರು ನಮ್ಮವರೇ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ 1940ರ ದಶಕದಿಂದ ಊರೂರು ತಿರುಗಿ ಶಿಬಿರ ಹಾಕಿದರು. ಒಂದೇ ದಿನ 833 ಪೊರೆ ತೆಗೆದ ದಾಖಲೆ ಅವರದು. ಮಧುರೈಯಲ್ಲಿ ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ 11 ಹಾಸಿಗೆಯೊಂದಿಗೆ ಶುರುಮಾಡಿದ ಅರವಿಂದ ಕಣ್ಣಾಸ್ಪತ್ರೆ ಅದೇ ಹಾದಿಯನ್ನು ಥಿಯೇಟರಿನೊಳಗೆ ತಂದಿತು. ಡಾಕ್ಟರಿಗೆ ಪಕ್ಕಪಕ್ಕದಲ್ಲಿ ಎರಡು ಮೇಜು. ಒಂದರ ಮೇಲೆ ಕೆಲಸ ನಡೆಯುವಾಗಲೇ ಇನ್ನೊಂದರ ಮೇಲೆ ಮುಂದಿನವರ ಕಣ್ಣು ತೊಳೆದು, ಬಟ್ಟೆ ಹೊದಿಸಿ ಸಿದ್ಧ. ಮುಗಿದೊಡನೆ ಮೈಕ್ರೋಸ್ಕೋಪನ್ನು ಆ ಕಡೆ ತಿರುಗಿಸಿದರಾಯಿತು. ಸಿದ್ಧತೆಯೆಲ್ಲ ಹಳ್ಳಿಗಳಿಂದ ಬಂದು ತರಬೇತಾದ ಹೆಣ್ಣುಮಕ್ಕಳ ಕೈಯಲ್ಲಿ.

ಆದರೆ ವೇಗಕ್ಕೆ ಇನ್ನೊಂದು ಮುಖವೂ ಇದೆ. 2014ರ ನವೆಂಬರಿನಲ್ಲಿ ಛತ್ತೀಸಗಡದ ಬಿಲಾಸ್‌ಪುರದ ಶಿಬಿರದಲ್ಲಿ ಒಬ್ಬ ಸರ್ಜನ್ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಸಂತಾನಹರಣ ಚಿಕಿತ್ಸೆ ಮಾಡಿದರು. ಆ ದಿನಗಳಲ್ಲಿ ಅಲ್ಲಿ 13 ಹೆಂಗಸರು ಸತ್ತರು. ಕಾರಣ ನಂಜೋ, ಮಾತ್ರೆಯಲ್ಲಿನ ಕಲಬೆರಕೆಯೋ ಎಂದು ವಾದ ನಡೆಯಿತು. ಏನೇ ಇರಲಿ, ಅದು ಸಣ್ಣ ಆಪರೇಷನ್ನೇ. 2016ರಲ್ಲಿ ಸುಪ್ರೀಂ ಕೋರ್ಟು ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಬೇಕೆಂದಿತು.

ಹಾಗಾದರೆ ಆ ಐದು ನಿಮಿಷದಲ್ಲಿ ಬಿಡಬಾರದ್ದು ಯಾವುದು? ಮೊದಲನೆಯದು ಟ್ರೇ ಕಟ್ಟಿದ ಬಟ್ಟೆಯ ಮೇಲಿನ ಪಟ್ಟಿ. ಕುದಿನೀರಿಗೆ ಎಲ್ಲ ರೋಗಾಣು ಸಾಯುವುದಿಲ್ಲ. ಕೆಲವು ಬೀಜಕದ ರೂಪ ತಾಳಿ ಬದುಕುತ್ತವೆ. ಅದಕ್ಕೇ ಆಟೋಕ್ಲೇವಿನಲ್ಲಿ ಒತ್ತಡ ಹಾಕಿ 121 ಡಿಗ್ರಿ ಸೆಲ್ಸಿಯಸ್ ಹಬೆ, ನಮ್ಮ ಕುಕ್ಕರಿನ ಅಣ್ಣನೇ ಅದು. ಒಳಗೆ ಹೋಗುವಾಗ ಮಸುಕಾಗಿದ್ದ ಪಟ್ಟಿಯ ಗೆರೆಗಳು ಹೊರಗೆ ಬರುವಾಗ ಕಪ್ಪಾಗಿರಬೇಕು. ಕಪ್ಪಾಗದಿದ್ದರೆ ಕಟ್ಟು ಬಿಚ್ಚುವಂತಿಲ್ಲ. ಅರವಿಂದದವರು ಇನ್ನೊಂದು ಹೆಜ್ಜೆ ಮುಂದೆ ಹೋದರು: ಪೊರೆ ತೆಗೆದ ಕೊನೆಯಲ್ಲಿ ಕಣ್ಣಿನೊಳಕ್ಕೇ ಒಂದು ಹನಿ ಆಂಟಿಬಯಾಟಿಕ್. ಸುಮಾರು 6 ಲಕ್ಷ ಆಪರೇಷನ್ನುಗಳ ಲೆಕ್ಕದಲ್ಲಿ ಕಣ್ಣೊಳಗಿನ ಸೋಂಕು ಶೇ 0.07ರಿಂದ 0.02ಕ್ಕೆ ಇಳಿಯಿತು.

ಎರಡನೆಯದು ಹೆಸರು. ನಮ್ಮ ಕಡೆ ಒಂದೇ ಪಟ್ಟಿಯಲ್ಲಿ ಮೂವರು ಮುನಿಯಮ್ಮಂದಿರು ಇದ್ದರೆ ಆಶ್ಚರ್ಯವಿಲ್ಲ, ಮೂವರಿಗೂ ಬೇರೆಬೇರೆ ಪವರಿನ ಲೆನ್ಸು. "ನೀವು ಮುನಿಯಮ್ಮನಾ?" ಎಂದರೆ ಹೆದರಿದ ಅಜ್ಜಿ ಎಲ್ಲಕ್ಕೂ ಹೂಂ ಎನ್ನುತ್ತಾಳೆ. "ನಿಮ್ಮ ಹೆಸರೇನು?" ಎಂದೇ ಕೇಳಬೇಕು. ಭಾಷೆಯ ತೊಡಕು ಬೇರೆ. ತಮಿಳಿನ ನರ್ಸು "ವಲದು ಕಣ್ಣಾ?" ಎಂದರೆ ನಾವು ಬಲ ಎಂದು ಊಹಿಸಬಹುದು. ಪಕ್ಕದ ತೆಲುಗಜ್ಜಿ ಬಲಗಣ್ಣಿಗೆ "ಕುಡಿ ಕನ್ನು" ಎನ್ನುತ್ತಾಳೆ. ಕನ್ನಡದ ಕಿವಿಗೆ ಅದು ಏನನ್ನೋ ಕುಡಿಸಲು ಹೇಳಿದಂತೆ! ಹುಬ್ಬಿನ ಮೇಲೆ ಇಂಕಿನಲ್ಲಿ ಹಾಕಿದ ಗುರುತು ಮೂರೂ ಭಾಷೆಗೆ ಒಂದೇ.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಇಂಥದ್ದನ್ನೆಲ್ಲ 19 ಅಂಶಗಳ ಒಂದು ಹಾಳೆಗೆ ಇಳಿಸಿತು. ದೆಹಲಿಯೂ ಸೇರಿ ಎಂಟು ನಗರಗಳಲ್ಲಿ ಪ್ರಯೋಗಿಸಿದಾಗ ಸಾವು ಶೇ 1.5ರಿಂದ 0.8ಕ್ಕೆ ಬಂತು. ಕೆನಡಾದ ಒಂಟಾರಿಯೋದಲ್ಲಿ 101 ಆಸ್ಪತ್ರೆಗಳಿಗೆ ಅದೇ ಹಾಳೆ ಬಂದಾಗ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ ಎಂದು 2014ರ ಅಧ್ಯಯನ ಹೇಳಿತು. ನನಗೇನೋ ಅದು ಸೋಜಿಗವೆನಿಸಲಿಲ್ಲ. ಬಾಯಿಬಿಟ್ಟು ಕೇಳದೆ ಟಿಕ್ ಹಾಕುವುದು ಎಲ್ಲ ಊರಿನಲ್ಲೂ ಸುಲಭವೇ.

ಕಾಯುವ ಬೆಂಚಿಗೆ ಮಾತ್ರ ಯಂತ್ರ, ಔಷಧಿ ಏನೂ ಬೇಡ. ಮೊದಲ ನಾಲ್ವರಿಗೆ ಎಂಟು, ಮುಂದಿನವರಿಗೆ ಒಂಬತ್ತೂವರೆ ಎಂದು ಹಂಚಿದರೆ ಸಾಕು, ಕಾಡಂಚಿನ ಹಳ್ಳಿಯವರು ಆನೆ ಓಡಾಡುವ ಕತ್ತಲೆಯಲ್ಲೇ ರಸ್ತೆಗೆ ಇಳಿಯುವುದು ತಪ್ಪುತ್ತದೆ.

ಬರುವ ತಿಂಗಳು ಅತ್ತೆಯ ಇನ್ನೊಂದು ಕಣ್ಣು. ಫೋನು ಬಂದಿತ್ತು, ಎಂಟಕ್ಕೆ ಬನ್ನಿ ಅಂದರು.