ಜೆನೆರಿಕ್ ಪ್ರಕಾರಗಳ ಅಡಕ (ಪ್ಯಾಸ್ಕಲ್)

ಪ್ಯಾಸ್ಕಲ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಜೆನೆರಿಕ್ ಪ್ರಕಾರದ ಒಳಗೆ ಇನ್ನೊಂದನ್ನು ಇರಿಸಿ ಬಳಸುವ ಕ್ರಮವೇ ಜೆನೆರಿಕ್ ಪ್ರಕಾರಗಳ ಅಡಕ. ಯಾವ ಬಗೆಯ ದತ್ತಾಂಶಕ್ಕೆಂದು ಮೊದಲೇ ನಿಗದಿಪಡಿಸದೆ, ಆ ಸ್ಥಾನವನ್ನು ತೆರವಾಗಿಟ್ಟು ರಚಿಸಿದ ಪ್ರಕಾರವನ್ನು ಜೆನೆರಿಕ್ ಎನ್ನುತ್ತಾರೆ. ಹೆಸರುಗಳನ್ನು ಕನ್ನಡದಲ್ಲಿ ಬರೆದು ಹೇಳುವುದಾದರೆ, 'ಪಟ್ಟಿ<ಪೂರ್ಣಾಂಕ>' ಎಂಬುದು ಪೂರ್ಣಾಂಕಗಳ ಪಟ್ಟಿ. 'ಪಟ್ಟಿ<ಪಟ್ಟಿ<ಪೂರ್ಣಾಂಕ>>' ಎಂಬುದು ಅಂತಹ ಪಟ್ಟಿಗಳ ಪಟ್ಟಿ. ಒಂದು ಶಾಲೆಯ ಎಲ್ಲ ತರಗತಿಗಳ ಅಂಕಗಳನ್ನು ತರಗತಿವಾರು ಹೀಗೆ ಸಂಗ್ರಹಿಸಬಹುದು.

ಹಿನ್ನೆಲೆ

ನಿಕ್ಲಾಸ್ ವಿರ್ತ್ 1970ರಲ್ಲಿ ಪ್ರಕಟಿಸಿದ ಮೂಲ ಪ್ಯಾಸ್ಕಲ್‌ನಲ್ಲಾಗಲಿ, ಅದರ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 7185ರಲ್ಲಾಗಲಿ ಜೆನೆರಿಕ್ ಪ್ರಕಾರಗಳಿಲ್ಲ. ಆದುದರಿಂದ ಕಂಪೈಲರ್‌ಗಳು ಇವನ್ನು ತಮ್ಮ ತಮ್ಮ ರೀತಿಯಲ್ಲಿ ಸೇರಿಸಿಕೊಂಡವು. ಫ್ರೀ ಪ್ಯಾಸ್ಕಲ್ 2007ರ 2.2 ಆವೃತ್ತಿಯಲ್ಲಿ ಇವನ್ನು ಅಳವಡಿಸಿತು. ವಿಂಡೋಸ್‌ಗೆ ನೇರವಾಗಿ ಪ್ರೋಗ್ರಾಂ ರಚಿಸುವ ಡೆಲ್ಫಿ ಕಂಪೈಲರ್‌ನಲ್ಲಿ ಇವು 'ಡೆಲ್ಫಿ 2009' ಆವೃತ್ತಿಯೊಂದಿಗೆ ಬಂದವು.

ಕಂಪೈಲರ್‌ಗಳ ನಡುವಿನ ವ್ಯತ್ಯಾಸ

ಫ್ರೀ ಪ್ಯಾಸ್ಕಲ್‌ನ 'ಆಬ್ಜ್‌ಎಫ್‌ಪಿಸಿ' ವಿಧಾನದಲ್ಲಿ ಪ್ರಕಾರವನ್ನು ಘೋಷಿಸುವಾಗ 'ಜೆನೆರಿಕ್' ಎಂಬ ಪದವನ್ನೂ, ಬಳಸುವಾಗ 'ಸ್ಪೆಷಲೈಸ್' ಎಂಬ ಪದವನ್ನೂ ಬರೆಯಬೇಕು. ಅಡಕವಿದ್ದಲ್ಲಿ ಹೊರಗಿನ ಮತ್ತು ಒಳಗಿನ ಪ್ರಕಾರಗಳೆರಡಕ್ಕೂ 'ಸ್ಪೆಷಲೈಸ್' ಪ್ರತ್ಯೇಕವಾಗಿ ಬೇಕಾಗುತ್ತದೆ. ಡೆಲ್ಫಿಯಲ್ಲಿ ಈ ಎರಡೂ ಪದಗಳ ಅಗತ್ಯವಿಲ್ಲ. ಹೀಗಾಗಿ ಒಂದು ಕಂಪೈಲರ್ ಒಪ್ಪುವ ಸಾಲನ್ನು ಮತ್ತೊಂದು ದೋಷವೆಂದು ತಿರಸ್ಕರಿಸುತ್ತದೆ.

ಎರಡನೆಯ ತೊಡಕು ಚಿಹ್ನೆಗೆ ಸಂಬಂಧಿಸಿದ್ದು. ಅಡಕದ ಕೊನೆಯಲ್ಲಿ '>>' ಎಂದು ಎರಡು ಆವರಣಗಳು ಒಟ್ಟಿಗೆ ಮುಗಿಯುತ್ತವೆ. ಫ್ರೀ ಪ್ಯಾಸ್ಕಲ್‌ನಲ್ಲಿ ಇದೇ ಜೋಡಿಚಿಹ್ನೆ ಬಿಟ್‌ಗಳನ್ನು ಬಲಕ್ಕೆ ಸರಿಸುವ ಕ್ರಿಯೆಯನ್ನೂ ಸೂಚಿಸುವುದರಿಂದ, ಕಂಪೈಲರ್ ಸಂದರ್ಭವನ್ನು ನೋಡಿ ಅರ್ಥವನ್ನು ನಿರ್ಧರಿಸಬೇಕಾಗುತ್ತದೆ.

ಹೊಂದಾಣಿಕೆಯ ಕ್ರಮಗಳು

ಅಡಕವನ್ನು ಒಂದೇ ಸಾಲಿನಲ್ಲಿ ಬರೆಯದೆ, ಪ್ರತಿ ಹಂತಕ್ಕೂ ಹೆಸರಿಡುವುದು ಸುರಕ್ಷಿತ ಕ್ರಮ. ಮೊದಲು 'ಅಂಕಪಟ್ಟಿ = ಪಟ್ಟಿ<ಪೂರ್ಣಾಂಕ>' ಎಂದು ಘೋಷಿಸಿ, ಬಳಿಕ 'ಶಾಲಾಪಟ್ಟಿ = ಪಟ್ಟಿ<ಅಂಕಪಟ್ಟಿ>' ಎಂದು ಬರೆದರೆ '>>' ಚಿಹ್ನೆಯೇ ಬರುವುದಿಲ್ಲ; ಓದುವವರಿಗೂ ರಚನೆ ಸ್ಪಷ್ಟವಾಗುತ್ತದೆ.

ಪದಗಳ ವ್ಯತ್ಯಾಸವನ್ನು ನಿವಾರಿಸಲು ಫ್ರೀ ಪ್ಯಾಸ್ಕಲ್‌ನಲ್ಲಿ 'ಡೆಲ್ಫಿ' ಎಂಬ ವಿಧಾನವಿದೆ. ಇದನ್ನು ಆರಿಸುವ ನಿರ್ದೇಶನವನ್ನು, ಫ್ರೀ ಪ್ಯಾಸ್ಕಲ್ ಮಾತ್ರ ಗುರುತಿಸುವ 'ಎಫ್‌ಪಿಸಿ' ಸಂಕೇತದ ಷರತ್ತಿನೊಳಗೆ ಕಡತದ ಆರಂಭದಲ್ಲಿಯೇ ಬರೆಯಬೇಕು. ಆಗ ಡೆಲ್ಫಿ ಆ ಸಾಲನ್ನು ಬಿಟ್ಟು ಮುಂದೆ ಸಾಗುತ್ತದೆ. ಡೆಲ್ಫಿಯ 'ಜೆನೆರಿಕ್ಸ್.ಕಲೆಕ್ಷನ್ಸ್' ಘಟಕಕ್ಕೆ ಸಮಾನವಾದ ಘಟಕವು 2020ರ 3.2.0 ಆವೃತ್ತಿಯಿಂದ ಫ್ರೀ ಪ್ಯಾಸ್ಕಲ್‌ನೊಂದಿಗೇ ದೊರೆಯುತ್ತಿದೆ. ಅದಕ್ಕಿಂತ ಹಳೆಯ ಆವೃತ್ತಿಗಳಲ್ಲಿಯೂ ನಡೆಯಬೇಕಾದ ಪ್ರೋಗ್ರಾಂಗಳಿಗೆ ಈ ಘಟಕವನ್ನು ಅವಲಂಬಿಸಲಾಗದು.