ಪ್ರಾವೆಟ್ಸ್ ಎಂಬ ಊರು, ಪ್ರಾವೆಟ್ಸ್ ಎಂಬ ಕಂಪ್ಯೂಟರ್

ಪುಣೆಯಲ್ಲಿ ಕೂತು ಸೋಫಿಯಾದ ತಂಡದ ಜೊತೆ ಕೆಲಸ ಶುರುಮಾಡಿದಾಗ ಬಲ್ಗೇರಿಯದ ಬಗ್ಗೆ ನನಗೆ ಗೊತ್ತಿದ್ದದ್ದು ಎರಡೇ: ಗುಲಾಬಿ ಎಣ್ಣೆ ಮತ್ತು ಮೊಸರು. ಮೂರನೆಯದನ್ನು ಬೇಗ ಕಲಿತೆ. ಅವರು ತಲೆಯನ್ನು ಅಡ್ಡಡ್ಡ ಆಡಿಸಿದರೆ 'ಹೌದು' ಎಂದರ್ಥ. ನಮ್ಮವರಿಗೆ ಇದು ಕಷ್ಟವೇನಲ್ಲ ಬಿಡಿ. ಅಲ್ಲಿನ ಹಿರಿಯ ಇಂಜಿನಿಯರುಗಳನ್ನು 'ಮೊದಲು ಪ್ರೋಗ್ರಾಮ್ ಬರೆದದ್ದು ಯಾವ ಯಂತ್ರದಲ್ಲಿ?' ಎಂದು ಕೇಳಿ ನೋಡಿ. ಪ್ರಾವೆಟ್ಸ್ ಅನ್ನುತ್ತಾರೆ.

ಪ್ರಾವೆಟ್ಸ್ ಅಸಲಿಗೆ ಒಂದು ಊರಿನ ಹೆಸರು. ಸೋಫಿಯಾದಿಂದ ಸುಮಾರು 60 ಕಿ.ಮೀ. ದೂರ. ಮೂರು ದಶಕಕ್ಕೂ ಹೆಚ್ಚು ಕಾಲ ದೇಶವನ್ನಾಳಿದ ಕಮ್ಯುನಿಸ್ಟ್ ನಾಯಕ ತೊದೊರ್ ಝಿವ್‌ಕೊವ್ ಹುಟ್ಟಿದ್ದು ಅಲ್ಲೇ. ಕಂಪ್ಯೂಟರ್ ಕಾರ್ಖಾನೆ ಆ ಪುಟ್ಟ ಊರಿಗೇ ಯಾಕೆ ಬಂತು ಅಂತ ನಾನು ವಿವರಿಸಬೇಕಿಲ್ಲ; ಮಂತ್ರಿಗಳ ಕ್ಷೇತ್ರದ ರಸ್ತೆಗಳನ್ನು ಕಂಡವರು ನಾವು.

ಕಥೆ ಶುರುವಾದದ್ದು ಸೋಫಿಯಾದ ಒಂದು ಸಂಶೋಧನಾ ಸಂಸ್ಥೆಯಲ್ಲಿ. 1979-80ರ ಹೊತ್ತಿಗೆ ಇವಾನ್ ಮರಂಗೊಝೊವ್ ಅವರ ತಂಡ ಇಮ್ಕೊ-1 ಎಂಬ ಯಂತ್ರ ಕಟ್ಟಿತು. ಮುಚ್ಚುಮರೆ ಯಾಕೆ, ಅದು ಅಮೆರಿಕದ ಆ್ಯಪಲ್-2ರ ನಕಲು. ಅದರ ಮುಂದಿನ ರೂಪವೇ ಪ್ರಾವೆಟ್ಸ್-82. ನೆನಪಿನ ಸಾಮರ್ಥ್ಯ 48 ಕಿಲೋಬೈಟ್. ಇವತ್ತು ವಾಟ್ಸಾಪಿನಲ್ಲಿ ಬರುವ 'ಶುಭೋದಯ' ಚಿತ್ರವೂ ಅದರಲ್ಲಿ ಹಿಡಿಯಲಾರದು. ಆಮೇಲೆ ಬ್ರಿಟನ್ನಿನ ಓರಿಕ್ ಅಟ್ಮಾಸ್ ಮಾದರಿಯ, ಮನೆ ಟಿವಿಗೆ ಜೋಡಿಸುವ ಪ್ರಾವೆಟ್ಸ್-8ಡಿ ಬಂತು. ಐಬಿಎಂ ಪಿಸಿ ಮಾದರಿಯ ಪ್ರಾವೆಟ್ಸ್-16 ಕೂಡ ಬಂತು.

ನಕಲು ಅಂದರೆ ಮೂಗು ಮುರಿಯುವವರಿದ್ದಾರೆ. ಆದರೆ ಶೀತಲ ಸಮರದ ಕಾಲದಲ್ಲಿ ಕೋಕಾಮ್ ಎಂಬ ಪಾಶ್ಚಾತ್ಯ ಕೂಟವು ಮಿಲಿಟರಿಗೂ ಉಪಯೋಗಕ್ಕೆ ಬರಬಹುದಾದ ತಂತ್ರಜ್ಞಾನ ಪೂರ್ವ ಯೂರೋಪಿಗೆ ಹೋಗದಂತೆ ತಡೆಹಿಡಿದಿತ್ತು. ಹಾಗಾಗಿ ಬಲ್ಗೇರಿಯದ ಗುಪ್ತಚರ ಇಲಾಖೆಗೂ ಎಲೆಕ್ಟ್ರಾನಿಕ್ಸ್ ಒಂದು ಕೆಲಸವೇ ಆಗಿತ್ತು. ಯಂತ್ರ ಕೈಗೆ ಸಿಕ್ಕ ಮೇಲೆ ಬಿಚ್ಚಿ ಅರ್ಥಮಾಡಿಕೊಂಡು ಸ್ವಂತ ಭಾಗಗಳಿಂದ ಮತ್ತೆ ಕಟ್ಟುವುದಿದೆಯಲ್ಲ, ಅದು ಜೆರಾಕ್ಸ್ ಅಂಗಡಿಯ ಕೆಲಸವಲ್ಲ. ಆ್ಯಪಲ್ಲಿನ 6502 ಪ್ರೊಸೆಸರಿಗೂ ಅವರು ದೇಶದಲ್ಲೇ ತದ್ರೂಪಿ ಚಿಪ್ ಮಾಡಿಕೊಂಡರು.

ನನಗೆ ತುಂಬ ಇಷ್ಟವಾದದ್ದು ಲಿಪಿಯ ಉಪಾಯ. ಅವರ ಭಾಷೆಗೆ ಸಿರಿಲಿಕ್ ಲಿಪಿ ಬೇಕು, ಯಂತ್ರದಲ್ಲಿ ಇರುವುದು ಇಂಗ್ಲಿಷಿಗೆ ಸಾಲುವಷ್ಟೇ ಜಾಗ. ಪ್ರಾವೆಟ್ಸ್-82ರಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳ ಸ್ಥಾನದಲ್ಲಿ ಸಿರಿಲಿಕ್ ಅಕ್ಷರಗಳನ್ನು ಕೂರಿಸಿದರು. ಯೂನಿಕೋಡ್‌ಗಿಂತ ಮುಂಚಿನ ಕನ್ನಡ ಫಾಂಟುಗಳನ್ನು ಬಳಸಿದವರಿಗೆ ಇದು ಚೆನ್ನಾಗಿ ಗೊತ್ತು: ಫಾಂಟ್ ಇಲ್ಲದ ಗಣಕದಲ್ಲಿ ಕಡತ ತೆರೆದರೆ ನಮ್ಮ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ!

ಈ ಯಂತ್ರಗಳು ಎಂಬತ್ತರ ದಶಕದಲ್ಲಿ ಶಾಲೆಗಳಿಗೆ ಹೋದವು. 1989ರ ಮೇ ತಿಂಗಳಲ್ಲಿ ಮೊಟ್ಟಮೊದಲ ಅಂತಾರಾಷ್ಟ್ರೀಯ ಇನ್ಫಾರ್ಮ್ಯಾಟಿಕ್ಸ್ ಒಲಿಂಪಿಯಾಡ್ ನಡೆದದ್ದು ಎಲ್ಲಿ ಅಂದುಕೊಂಡಿರಿ? ಇದೇ ಪ್ರಾವೆಟ್ಸ್ ಊರಿನಲ್ಲಿ, 13 ದೇಶಗಳ ಮಕ್ಕಳು ಸೇರಿ. ನಮ್ಮ ದೇಶದ ಮಕ್ಕಳು ಆ ಸ್ಪರ್ಧೆಗೆ ಹೋಗಲು ಶುರುಮಾಡಿದ್ದು 2002ರಲ್ಲಿ.

ಅದೇ ವರ್ಷ ನವೆಂಬರ್ 10ರಂದು ಝಿವ್‌ಕೊವ್ ಅಧಿಕಾರ ಕಳೆದುಕೊಂಡರು. 1991ರಲ್ಲಿ ಸಮಾಜವಾದಿ ದೇಶಗಳ ವ್ಯಾಪಾರ ಕೂಟ ಕೋಮೆಕಾನ್ ಮುಚ್ಚಿತು, ಸೋವಿಯತ್ ಒಕ್ಕೂಟವೂ ಒಡೆಯಿತು. ಬಲ್ಗೇರಿಯದ ಎಲೆಕ್ಟ್ರಾನಿಕ್ಸ್ ಉದ್ಯಮದ ಬಹುದೊಡ್ಡ ಗಿರಾಕಿಯೇ ಮಾಯ. ಇನ್ನೊಂದೆಡೆ ಏಷ್ಯಾದ ಅಗ್ಗದ ಪಿಸಿಗಳು. ಉದ್ಯಮ ಸತ್ತದ್ದು ನಕಲಿನಿಂದ ಎಂದು ನನಗನ್ನಿಸುವುದಿಲ್ಲ. ನಕಲಿನಿಂದ ಶುರುಮಾಡಿ ಬೆಳೆದ ತೈವಾನ್ ಕಣ್ಣಮುಂದಿದೆ. ಒಬ್ಬನೇ ಗಿರಾಕಿಯನ್ನು ನಂಬಿ ಊರೂರಿಗೆ ಕಾರ್ಖಾನೆ ಕಟ್ಟಿದ್ದೇ ಮುಳುವಾಯಿತು. ಒಂದೇ ಕ್ಲೈಂಟಿನ ಪ್ರಾಜೆಕ್ಟಿನಲ್ಲಿ ವರ್ಷಗಟ್ಟಲೆ ಕೂತಿರುವ ನಮ್ಮ ಹಿಂಜೆವಾಡಿಯ ಗೆಳೆಯರಿಗೆ ಈ ಭಾಗವನ್ನು ಎರಡು ಸಲ ಓದಿ ಹೇಳಿದ್ದೇನೆ.

ಕಲಿತ ಹುಡುಗರು ಮಾತ್ರ ಉಳಿದರು. ಕೆಲವರು ಕೈಗೆತ್ತಿಕೊಂಡದ್ದು ವೈರಸ್ ಬರೆಯುವ ಕೆಲಸ. 'ಡಾರ್ಕ್ ಅವೆಂಜರ್' ಎಂಬ ಗುಪ್ತನಾಮದವನ ವೈರಸ್‌ಗಳು 1989ರಿಂದ ಜಗತ್ತನ್ನು ಸುತ್ತಿದವು. ಅವನು ಯಾರೆಂದು ಇಂದಿಗೂ ಸಾಬೀತಾಗಿಲ್ಲ. ಅವನ ಬೆನ್ನು ಬಿದ್ದ ವೆಸೆಲಿನ್ ಬೊಂಚೆವ್ ಕೂಡ ಬಲ್ಗೇರಿಯದವರೇ. ಮುಂದೆ ಅವರು ಜರ್ಮನಿಯ ಹ್ಯಾಂಬರ್ಗ್ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿ ವೈರಸ್‌ಗಳ ಮೇಲೆ ಸಂಶೋಧನೆ ಮುಂದುವರಿಸಿದರು.